ದೆವ್ವದ ಕತೆಗೆ ಮೂರು ಪ್ರಶ್ನೆ



ಹಾಸ್ಟೆಲ್‌ನಲ್ಲಿ ಕರೆಂಟ್ ಹೋದ್ರೆ ಎರಡೇ ಕೆಲಸ. ಒಂದು, ಮೊಬೈಲ್ ಚಾರ್ಜ್ ಎಷ್ಟು ಉಳಿದಿದೆ ಅಂತ ನೋಡೋದು. ಇನ್ನೊಂದು, ದೆವ್ವದ ಕತೆ ಹೇಳೋದು. ಕಳೆದ ಸೆಮಿಸ್ಟರ್‌ನ ಒಂದು ರಾತ್ರಿ ಹಾಗೇ ಆಯ್ತು. ಭಾಲ್ಕಿ ಕಡೆಯ ಗೆಳೆಯನೊಬ್ಬ ಬಾನಾಮತಿ ಕತೆ ಶುರು ಮಾಡಿದ. ಔರಾದ್ ಕಡೆಯವನು ಅರಳಿಮರದ ಮುಂಜಾನ ಕತೆ ತೆಗೆದ. ಬೀದರ್ ಪೇಟೆಯವರು ಅಷ್ಟೂರಿನ ಗುಂಬಜ್‌ಗಳ ಕಡೆ ಕತ್ತಲಾದ ಮೇಲೆ ಯಾಕೆ ಹೋಗಬಾರದು ಅಂತ ಹೇಳೋಕೆ ಹತ್ತಿದ್ರು. ಇನ್ನೊಬ್ಬ ಡ್ರಾಕುಲಾ, ವೇರ್‌ವುಲ್ಫ್ ಅಂತ ತಾನು ನೋಡಿದ ವೆಬ್ ಸೀರೀಸ್‌ಗಳ ಪಟ್ಟಿ ಕೊಟ್ಟ. ಕೊನೆಗೆ ಫಸ್ಟ್ ಇಯರ್ ಹುಡುಗನೊಬ್ಬ ಕೇಳಿದ: "ಅಣ್ಣಾ, ಖರೇನೇ ದೆವ್ವ ಇರ್ತಾವೇನ್ರಿ?"

ಯಾರೂ ನೇರವಾಗಿ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು. ಆದರೆ ಆ ಪ್ರಶ್ನೆ ನಮ್ಮ ಸಂಘದ ಮುಂದಿನ ಸಭೆಗೂ ಬಂತು. ಓದಿದೆವು, ಮನೆಯ ಹಿರಿಯರನ್ನು ಕೇಳಿದೆವು, ಒಂದಿಷ್ಟು ಜಗಳವನ್ನೂ ಆಡಿದೆವು. ಆಮೇಲೆ ಒಂದು ವಿಷಯಕ್ಕೆ ಎಲ್ಲರೂ ಒಪ್ಪಿದೆವು. "ದೆವ್ವ ಇದೆಯೋ ಇಲ್ಲವೋ" ಅಂತ ಕೂತರೆ ಮಾತು ಮುಂದೆ ಹೋಗೋದೇ ಇಲ್ಲ. ಯಾವ ದೆವ್ವದ ಕತೆ ಬಂದರೂ ಅದಕ್ಕೆ ಮೂರು ಪ್ರಶ್ನೆ ಹಾಕಿದರೆ ಬಹಳಷ್ಟು ತಿಳಿಯುತ್ತದೆ.

1. ಜನ ನಿಜವಾಗಿ ಕಂಡದ್ದು ಏನು?
2. ಅದಕ್ಕೆ ಇಟ್ಟ ಹೆಸರು ಏನು?
3. ತಪ್ಪನ್ನು ಯಾರ ತಲೆಗೆ ಕಟ್ಟಿದರು?

ಈ ಲೇಖನ ಆ ಮೂರು ಪ್ರಶ್ನೆಗಳ ಅಭ್ಯಾಸ ಪಾಠ.

ಮೊದಲು ಒಂದು ಸುಲಭದ ಲೆಕ್ಕ

ಪರೀಕ್ಷೆ ದಿನಗಳಲ್ಲಿ ನಮ್ಮಲ್ಲಿ ಅನೇಕರಿಗೆ ಆಗಿರುವ ಅನುಭವ ಇದು. ಬೆಳಗಿನ ಜಾವ ಎಚ್ಚರ ಆಗುತ್ತದೆ, ಕಣ್ಣು ಬಿಟ್ಟಿರುತ್ತದೆ, ಆದರೆ ಕೈಕಾಲು ಅಲ್ಲಾಡೋದಿಲ್ಲ. ಎದೆ ಮೇಲೆ ಯಾರೋ ಕೂತಂಗ ಭಾರ. ಮೂಲೆಯಲ್ಲಿ ಯಾರೋ ನಿಂತಂಗ. ಕೂಗಬೇಕೆಂದರೆ ದನಿ ಬರೋದಿಲ್ಲ.

ಮೊದಲ ಪ್ರಶ್ನೆಗೆ ಉತ್ತರ: ಮೈ ಅಲ್ಲಾಡದ ಸ್ಥಿತಿ, ಎದೆಭಾರ, ಯಾರೋ ಇದ್ದಾರೆಂಬ ಭಾಸ. ಇದನ್ನು ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ. ನಾವು ಕನಸು ಕಾಣುವ ಹಂತದಲ್ಲಿ, ಕನಸಿನಂತೆ ಎದ್ದು ಓಡಿಬಿಡದ ಹಾಗೆ ಮೆದುಳು ಸ್ನಾಯುಗಳನ್ನು ಸಡಿಲ ಮಾಡಿ ಇಟ್ಟಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು, ಸ್ನಾಯುಗಳ ಹಿಡಿತ ಆಮೇಲೆ ಬರುತ್ತದೆ. ಆ ನಡುವಿನ ಹೊತ್ತಿನಲ್ಲಿ ಕನಸಿನ ತುಣುಕು ಕೋಣೆಯೊಳಗೇ ಕಾಣುತ್ತದೆ. ನಿದ್ದೆಗೆಟ್ಟವರಿಗೆ ಇದು ಹೆಚ್ಚು.

ಎರಡನೇ ಪ್ರಶ್ನೆಗೆ ಉತ್ತರ ಊರಿಗೊಂದು. ನಮ್ಮಲ್ಲಿ ದೆವ್ವ ಅಮುಕಿತು ಅಂತಾರೆ. ಜಪಾನಿನಲ್ಲಿ ಇದಕ್ಕೆ ಕನಶಿಬಾರಿ ಅಂತ ಹೆಸರು. ಇಂಗ್ಲಿಷಿನ 'ನೈಟ್‌ಮೇರ್' ಪದದ 'ಮೇರ್' ಕೂಡ ಕುದುರೆಯಲ್ಲ, ಮಲಗಿದವರ ಎದೆ ಮೇಲೆ ಕೂರುವ ಒಂದು ಪಿಶಾಚಿ. ಅನುಭವ ಒಂದೇ, ಹೆಸರು ಬೇರೆ ಬೇರೆ.

ಮೂರನೇ ಪ್ರಶ್ನೆಗೆ ಉತ್ತರ: ಯಾರ ತಲೆಗೂ ಕಟ್ಟಲಿಲ್ಲ. ಹಾಗಾಗಿ ಈ ದೆವ್ವದಿಂದ ಯಾರಿಗೂ ತೊಂದರೆ ಇಲ್ಲ. ರೂಮ್‌ಮೇಟ್ "ಏ ಸುಮ್ಕಿರೋ, ನಿಂಗ ನಿದ್ದಿ ಆಗಿಲ್ಲ" ಅಂದ್ರೆ ಅಲ್ಲಿಗೆ ಮುಗೀತು. ಎಲ್ಲ ಕತೆಗಳೂ ಹೀಗೆ ಮುಗಿಯೋದಿಲ್ಲ.

ರಕ್ತ ಕುಡಿಯುವವನು

ಸಿನಿಮಾದ ವ್ಯಾಂಪೈರ್ ಕೋಟು ಹಾಕಿದ ಶ್ರೀಮಂತ. ಆ ವೇಷ ಕೊಟ್ಟದ್ದು ಪುಸ್ತಕಗಳು: 1819ರಲ್ಲಿ ಪೊಲಿಡೋರಿ ಬರೆದ ಕತೆ, 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ'. ಅದಕ್ಕೂ ಮೊದಲಿನ ವ್ಯಾಂಪೈರ್ ಒಬ್ಬ ಬಡ ರೈತ, ಅದೂ ಸತ್ತ ರೈತ.

1725ರಲ್ಲಿ ಈಗಿನ ಸರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಕೆಲವೇ ದಿನಗಳೊಳಗೆ ಒಬ್ಬರ ಹಿಂದೆ ಒಬ್ಬರು ಸತ್ತರು. ಸ್ವಲ್ಪ ದಿನ ಮುಂಚೆ ತೀರಿಹೋಗಿದ್ದ ಒಬ್ಬ ಹಳ್ಳಿಗನೇ ರಾತ್ರಿ ಎದ್ದು ಬಂದು ಕೊಲ್ಲುತ್ತಿದ್ದಾನೆ ಅಂತ ಜನ ನಂಬಿದರು. ಗೋರಿ ಅಗೆದರು. ಹೆಣ ಉಬ್ಬಿತ್ತು, ಬಾಯಲ್ಲಿ ರಕ್ತ ಇತ್ತು, ಉಗುರು ಬೆಳೆದಂತೆ ಕಂಡಿತು. ಎದೆಗೆ ಮರದ ಗೂಟ ಹೊಡೆದು ಸುಟ್ಟರು. 1731-32ರ ಚಳಿಗಾಲದಲ್ಲಿ ಮೆದ್ವೆಜಾ ಎಂಬ ಇನ್ನೊಂದು ಹಳ್ಳಿಯಲ್ಲೂ ಹೀಗೇ ಆಯಿತು. ಅಲ್ಲಿಗೆ ಆಸ್ಟ್ರಿಯಾದ ಸೇನಾ ವೈದ್ಯರು ಹೋಗಿ ವರದಿ ಬರೆದರು. ಆ ವರದಿ ಯೂರೋಪಿನ ಪತ್ರಿಕೆಗಳಲ್ಲೆಲ್ಲ ಹಬ್ಬಿತು. ಸಾಂಕ್ರಾಮಿಕ ರೋಗಕ್ಕಿಂತ ಸುದ್ದಿಯೇ ವೇಗವಾಗಿ ಓಡಿತು ಎನ್ನಬಹುದು.

ಈಗ ನಮ್ಮ ಪ್ರಶ್ನೆ. ಅವರು ಕಂಡದ್ದು ಸುಳ್ಳಲ್ಲ. ಹೆಣ ಕೊಳೆಯುವಾಗ ಒಳಗೆ ಅನಿಲ ತುಂಬಿ ಹೊಟ್ಟೆ ಉಬ್ಬುತ್ತದೆ. ಒತ್ತಡಕ್ಕೆ ಕೆಂಪು ದ್ರವ ಬಾಯಿ, ಮೂಗಿನಿಂದ ಬರುತ್ತದೆ. ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಉಗುರು ಉದ್ದ ಕಾಣುತ್ತದೆ. ಚಳಿಗಾಲದಲ್ಲಿ ಕೊಳೆಯುವುದು ನಿಧಾನ. ಕಂಡದ್ದು ಸರಿ, ಇಟ್ಟ ಹೆಸರು ತಪ್ಪು. 1755ರಲ್ಲಿ ರಾಣಿ ಮರಿಯಾ ಥೆರೇಸಾ ಇಂಥ ಇನ್ನೊಂದು ಪ್ರಕರಣಕ್ಕೆ ವೈದ್ಯರನ್ನು ಕಳಿಸಿ, ಅವರ ಮಾತು ಕೇಳಿ, ಹೆಣ ಅಗೆದು ಸುಡುವುದನ್ನು ನಿಷೇಧಿಸಿದಳು. ಇಲ್ಲಿ ತಪ್ಪು ಹೊತ್ತವರು ಸತ್ತವರು. ಅವರ ಮನೆಯವರ ಸಂಕಟ ಯಾವ ವರದಿಯಲ್ಲೂ ಸಿಗೋದಿಲ್ಲ.

ವ್ಯಾಂಪೈರ್ ಅಂದ ಕೂಡಲೇ ಬಾವಲಿ ನೆನಪಾಗುತ್ತದೆ. ನಮ್ಮ ಬೀದರಿನ ಝರಣಿ ನರಸಿಂಹ ಗುಹೆಗೆ ಹೋದವರಿಗೆ ಬಾವಲಿ ಹೊಸದಲ್ಲ. ಎದೆಮಟ್ಟದ ನೀರಿನಲ್ಲಿ ನಡೆಯುವಾಗ ತಲೆ ಮೇಲೆ ತೂಗಾಡುತ್ತಿರುತ್ತವೆ. ಯಾರನ್ನೂ ಕಚ್ಚಿ ರಕ್ತ ಕುಡಿಯುವುದಿಲ್ಲ. ರಕ್ತ ಕುಡಿಯುವ ಬಾವಲಿ ಜಗತ್ತಿನಲ್ಲಿ ಇರುವುದೇ ಮೂರು ಜಾತಿ. ಮೂರೂ ಮೆಕ್ಸಿಕೋದಿಂದ ಅರ್ಜೆಂಟೀನಾವರೆಗಿನ ಪ್ರದೇಶದಲ್ಲಿ ಮಾತ್ರ. ಇನ್ನೊಂದು ಮಜಾ ಏನಂದ್ರೆ, ದೆವ್ವದ ಹೆಸರನ್ನೇ ಆ ಬಾವಲಿಗೆ ಇಟ್ಟದ್ದು, ಬಾವಲಿಯ ಹೆಸರು ದೆವ್ವಕ್ಕೆ ಬಂದದ್ದಲ್ಲ.

ತೋಳವಾಗುವ ಮನುಷ್ಯ

'ವೇರ್‌ವುಲ್ಫ್' ಪದದ 'ವೇರ್' ಅಂದರೆ ಹಳೆಯ ಇಂಗ್ಲಿಷಿನಲ್ಲಿ ಗಂಡಸು. ಸಂಸ್ಕೃತದ 'ವೀರ'ನಿಗೂ ಅದಕ್ಕೂ ಮೂಲ ಒಂದೇ. ತೋಳಗಳು ಕುರಿ, ಮಕ್ಕಳನ್ನು ಹೊತ್ತೊಯ್ಯುತ್ತಿದ್ದ ಕಾಲದಲ್ಲಿ ಯೂರೋಪಿನ ಜನ ಮನುಷ್ಯನೇ ತೋಳವಾಗುತ್ತಾನೆ ಅಂತ ನಂಬಿದ್ದರು. 1589ರಲ್ಲಿ ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬ ರೈತನನ್ನು ಹಿಡಿದು ಚಿತ್ರಹಿಂಸೆಗೆ ಒಡ್ಡಿದಾಗ, ಸೈತಾನ ಕೊಟ್ಟ ನಡುಪಟ್ಟಿ ಕಟ್ಟಿಕೊಂಡರೆ ತೋಳ ಆಗ್ತೇನೆ ಅಂತ ಒಪ್ಪಿಕೊಂಡ. ಅವನನ್ನೂ, ಅವನ ಮಗಳನ್ನೂ, ಅವನ ಜೊತೆಗಿದ್ದ ಹೆಂಗಸನ್ನೂ ಕೊಂದರು. ಕೈಕಾಲು ಮುರಿಯುವಾಗ ಹೇಳಿಸಿದ ಮಾತು ಸಾಕ್ಷಿ ಆಗುತ್ತದೆಯೇ? ಈ ಒಂದು ಪ್ರಶ್ನೆ ಅಂದು ಯಾರೂ ಕೇಳಲಿಲ್ಲ.

ನಮ್ಮಲ್ಲಿ ಮನುಷ್ಯ ಮತ್ತು ಪ್ರಾಣಿ ಸೇರಿದ ರೂಪ ಬೇರೆ ದಾರಿ ಹಿಡಿದಿದೆ. ಝರಣಿಯ ಗುಹೆಯ ಕೊನೆಯಲ್ಲಿ ಇರುವುದು ಅರ್ಧ ಸಿಂಹ, ಅರ್ಧ ಮನುಷ್ಯ. ಜನ ಹೆದರಿ ಓಡುವುದಿಲ್ಲ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋಗ್ತಾರೆ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಹಾವೊಂದು ಗಂಡನ ರೂಪದಲ್ಲಿ ಬಂದು ಹೆಂಡತಿಯನ್ನು ಪ್ರೀತಿಸುತ್ತದೆ. ಅದು ಎ. ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಕನ್ನಡ ಜನಪದ ಕತೆಗಳಿಂದ ಹುಟ್ಟಿದ ನಾಟಕ. ಅಲ್ಲಿ ಕ್ರೂರಿ ಹಾವಲ್ಲ, ಮನೆಗೆ ಬೀಗ ಹಾಕಿ ಹೋಗುವ ಗಂಡ.

ಬೇತಾಳ ಮತ್ತು 'ನಾಳೆ ಬಾ'

ಇಂಗ್ಲಿಷರು ಬೇತಾಳನನ್ನು ಕಂಡು 'ವ್ಯಾಂಪೈರ್' ಅಂದರು. 1870ರಲ್ಲಿ ರಿಚರ್ಡ್ ಬರ್ಟನ್ ವಿಕ್ರಮ-ಬೇತಾಳ ಕತೆಗಳನ್ನು ಆ ಹೆಸರಿನಲ್ಲೇ ಇಂಗ್ಲಿಷಿಗೆ ತಂದ. ನಮಗೆ ಗೊತ್ತಿರುವ ಬೇತಾಳ ರಕ್ತ ಕುಡಿಯುವವನಲ್ಲ, ತಲೆ ತಿನ್ನುವವನು! ಹೆಣದೊಳಗೆ ಕೂತು ಕತೆ ಹೇಳಿ, ಕೊನೆಗೆ ಒಂದು ಕಷ್ಟದ ಪ್ರಶ್ನೆ ಕೇಳುತ್ತಾನೆ. ವೈವಾ ತಗೊಳ್ಳುವ ಎಕ್ಸ್‌ಟರ್ನಲ್ ಇದ್ದಂಗ. ತಲೆಗಳು ಅದಲುಬದಲಾದ ಗಂಡಸರಿಬ್ಬರಲ್ಲಿ ಗಂಡ ಯಾರು ಎಂಬ ಬೇತಾಳನ ಒಂದು ಪ್ರಶ್ನೆ ಜರ್ಮನಿಗೆ ಹೋಗಿ, ಥಾಮಸ್ ಮಾನ್ ಕೈಯಲ್ಲಿ ಕಿರುಕಾದಂಬರಿಯಾಗಿ, ಮತ್ತೆ ಕಾರ್ನಾಡರ 'ಹಯವದನ' ನಾಟಕವಾಗಿ ಕನ್ನಡಕ್ಕೆ ಬಂತು.

ಇನ್ನೊಂದು ಕತೆ 'ನಾಳೆ ಬಾ'. 1990ರ ದಶಕದಲ್ಲಿ ಬೆಂಗಳೂರಿನ ಕಡೆ ಹಬ್ಬಿದ ಸುದ್ದಿ ಅದು. ರಾತ್ರಿ ದೆವ್ವವೊಂದು ಮನೆಯವರ ದನಿಯಲ್ಲೇ ಕರೆದು ಬಾಗಿಲು ತಟ್ಟುತ್ತದಂತೆ, ತೆರೆದರೆ ಮುಗಿಯಿತಂತೆ. ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರು. ದೆವ್ವ ಓದಿಕೊಂಡು ಹೋಗಿ, ಮರುದಿನ ಬಂದು, ಮತ್ತೆ ಓದಿಕೊಂಡು ಹೋಗಬೇಕು. ಎಂದಿಗೂ ಮುಗಿಯದ ಲೂಪ್! 2018ರ ಹಿಂದಿ ಸಿನಿಮಾ 'ಸ್ತ್ರೀ'ಗೆ ಇದೇ ಕತೆ ಎಳೆ ಕೊಟ್ಟಿತು. ಇಲ್ಲೂ ಮೂರನೇ ಪ್ರಶ್ನೆಗೆ ಉತ್ತರ 'ಯಾರೂ ಇಲ್ಲ'. ಒಂದು ತುಂಡು ಸೀಮೆಸುಣ್ಣದಲ್ಲಿ ಭಯ ತೀರಿತು. ಇಂಥ ಕತೆಗಳನ್ನು ನಾವು ಬಿಡಬೇಕಾಗಿಲ್ಲ, ಹೇಳಿ ನಗಬಹುದು.

ನಮ್ಮ ಸೀಮೆಯ ಬಾನಾಮತಿ

ಈಗ ಮನೆಗೆ ಬರೋಣ. ಬೀದರ್ ಜಿಲ್ಲೆ 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಹೈದರಾಬಾದ್ ರಾಜ್ಯದಲ್ಲಿತ್ತು. ಗಡಿ ಬದಲಾದರೂ ಕತೆಗಳು ಬದಲಾಗಲಿಲ್ಲ. ಔರಾದ್ ಕಡೆ ಕೇಳುವ ಮುಂಜಾ ಮರಾಠಿ ಸೀಮೆಯವನು. ಮುಂಜಿಯಾದ ಮೇಲೆ, ಮದುವೆಗೆ ಮೊದಲೇ ಸತ್ತ ಹುಡುಗ ಅರಳಿಮರ ಸೇರುತ್ತಾನೆಂಬ ನಂಬಿಕೆ. 2024ರ 'ಮುಂಜ್ಯಾ' ಸಿನಿಮಾ ನೋಡಿದವರಿಗೆ ಅವನ ಪರಿಚಯ ಇದೆ. ಬಾನಾಮತಿಯೂ ಹಾಗೆಯೇ. ಬೀದರ್, ಕಲಬುರಗಿಯಲ್ಲಿ ಬಾನಾಮತಿ, ಪಕ್ಕದ ಮರಾಠವಾಡದಲ್ಲಿ ಭಾನಾಮತಿ, ತೆಲಂಗಾಣದ ಮೆದಕ್ ಕಡೆ ಬಾಣಾಮತಿ. ಮೂರು ಭಾಷೆ, ಒಂದೇ ಭಯ.

ಮೊದಲ ಪ್ರಶ್ನೆ: ಕಾಣುವುದೇನು? ಮನೆ ಮೇಲೆ ಕಲ್ಲು ಬೀಳುತ್ತವೆ. ಹಗ್ಗಕ್ಕೆ ಹಾಕಿದ ಬಟ್ಟೆಗೆ ತಾನೇ ಬೆಂಕಿ ಹತ್ತುತ್ತದೆ. ಮೈಮೇಲೆ ಗೀರು, ಗುರುತು ಮೂಡುತ್ತವೆ. ಮನೆಯ ಹೆಣ್ಣುಮಗಳೊಬ್ಬಳು ನಾಯಿಯಂತೆ ಬೊಗಳುತ್ತಾಳೆ, ಯಾರದೋ ಹೆಸರು ಹಿಡಿದು ಬೈಯುತ್ತಾಳೆ.

ಒಂದೊಂದಾಗಿ ನೋಡೋಣ. ಕಲ್ಲು ಎಸೆಯಲು ಕೈ ಬೇಕು. ಕತ್ತಲಲ್ಲಿ ಕೈ ಕಾಣೋದಿಲ್ಲ ಅಷ್ಟೇ. ಬೆಂಕಿಯ ವಿಷಯ ಕೆಮಿಸ್ಟ್ರಿ ಓದಿದ ನಮಗೆ ಗೊತ್ತು. ಬಿಳಿ ರಂಜಕವನ್ನು ನೀರಿನೊಳಗೆ ಇಡುವುದೇ ಅದು ಗಾಳಿಗೆ ಬಿದ್ದರೆ 30 ಡಿಗ್ರಿ ಆಸುಪಾಸಿನಲ್ಲೇ ಹೊತ್ತಿಕೊಳ್ಳುತ್ತದೆ ಅಂತ. ಬೀದರ್ ಬ್ಯಾಸಗಿಯಲ್ಲಿ 40 ಡಿಗ್ರಿ ದೊಡ್ಡ ಮಾತಲ್ಲ. ಮೈಮೇಲಿನ ಗುರುತಿಗೆ ಬಿಬ್ಬಾ ಕಾಯಿಯ ರಸ ಸಾಕು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿ ಅದು, ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ.

ಬೊಗಳುವುದು ಮಾತ್ರ ಹಾಗೆ ಸುಲಭವಾಗಿ ಬಿಡಿಸುವ ಗಂಟಲ್ಲ. ಅದನ್ನು 'ನಾಟಕ' ಅಂತ ತಳ್ಳಿಹಾಕುವುದೂ ತಪ್ಪು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮೈಮೇಲೆ ಬರುವುದರ ಬಗ್ಗೆ ಕನ್ನಡದಲ್ಲೇ ಬಹಳ ಬರೆದಿದ್ದಾರೆ. ಸಹಿಸಲಾರದ ಒತ್ತಡವನ್ನು ಮಾತಿನಲ್ಲಿ ಹೇಳಲಾಗದಾಗ ಮನಸ್ಸು ಬೇರೆ ದಾರಿ ಹುಡುಕುತ್ತದೆ. ಮನೆಯಲ್ಲಿ ಬಾಯಿ ತೆರೆಯಲು ಆಗದ ಸೊಸೆ 'ದೆವ್ವ'ವಾಗಿ ಬೈದರೆ ಎಲ್ಲರೂ ನಿಂತು ಕೇಳುತ್ತಾರೆ. ಒಬ್ಬಳನ್ನು ನೋಡಿ ಇನ್ನೊಬ್ಬಳಿಗೂ ಹರಡುತ್ತದೆ. ಅದು ಬೇಕಂತ ಮಾಡುವುದಲ್ಲ, ಕಾಯಿಲೆ. ಅದಕ್ಕೆ ಮದ್ದು ಇದೆ. 2004ರ 'ಆಪ್ತಮಿತ್ರ' ನೆನಪಿಸಿಕೊಳ್ಳಿ. ನಾಗವಲ್ಲಿಯನ್ನು ನೋಡಿ ನಾವೆಲ್ಲ ಹೆದರಿದೆವು, ಆದರೆ ಆ ಕತೆಯಲ್ಲಿ ಗುಣಪಡಿಸಲು ಬರುವವನು ಮನೋವೈದ್ಯ.

ಇನ್ನು ಮೂರನೇ ಪ್ರಶ್ನೆ. ಬಾನಾಮತಿ ಮಾಡಿದವರು ಯಾರು ಅಂತ ಊರು ಹುಡುಕಲು ಹೊರಟರೆ, ಬೆರಳು ಹೆಚ್ಚಾಗಿ ಹೋಗುವುದು ಒಂಟಿ ಮುದುಕಿಯ ಕಡೆ, ವಿಧವೆಯ ಕಡೆ, ಹೊಲದ ತಂಟೆ ಇರುವವರ ಕಡೆ. ಮಂತ್ರದ ಉಚ್ಚಾರ ಆಗಬಾರದು ಅಂತ ಅಂಥವರ ಹಲ್ಲು ಕಿತ್ತ ಘಟನೆಗಳು ಈ ಸೀಮೆಯಲ್ಲಿ ನಡೆದಿವೆ. ರಕ್ತ ಕುಡಿಯುವವರು ಯಾರು ಅಂತ ಆಗ ಬೇರೆ ಕೇಳಬೇಕಾಗಿಲ್ಲ.

ಇದನ್ನು ಪ್ರಶ್ನಿಸಿದವರೂ ನಮ್ಮಲ್ಲಿ ಇದ್ದಾರೆ. ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಶರಣರು ಮಾರಿ, ಮಸಣಿಗಳ ಹೆಸರಿನ ಭಯವನ್ನು ಟೀಕಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಗಡಿಯಾಚೆ ಇದೇ ಕೆಲಸಕ್ಕೆ ಬದುಕು ಕೊಟ್ಟ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ಅದೇ ವರ್ಷ ಮಹಾರಾಷ್ಟ್ರದಲ್ಲಿ ವಾಮಾಚಾರ ತಡೆ ಕಾನೂನು ಬಂತು. ಕರ್ನಾಟಕದ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಒಬ್ಬರನ್ನು ಮಾಟಗಾರರೆಂದು ಸಾರುವುದು, ಹಾವು ಕಡಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು, ಇವೆಲ್ಲ ಈಗ ಅಪರಾಧ. ಶಿಕ್ಷೆ 1ರಿಂದ 7 ವರ್ಷ ಜೈಲು. ದೇವರ ಪೂಜೆ, ಹರಕೆ, ಜಾತ್ರೆಗೆ ಈ ಕಾನೂನು ಅಡ್ಡ ಬರುವುದಿಲ್ಲ.

ಗುಮ್ಮ ಮೊಬೈಲ್‌ನಲ್ಲಿ ಬಂದ

ನಾವೆಲ್ಲ ಮೊದಲು ಕೇಳಿದ ದೆವ್ವ ಗುಮ್ಮ. ಪುರಂದರದಾಸರ ಪದದಲ್ಲಿ ಬಾಲಕೃಷ್ಣನೂ ಗುಮ್ಮನಿಗೆ ಹೆದರುತ್ತಾನೆ. ಮರಾಠಿ ಮಾತಾಡುವ ಮನೆಗಳಲ್ಲಿ ಅವನು ಬಾಗುಲಬುವಾ. ಉಣ್ಣದಿದ್ದರೆ, ಮಲಗದಿದ್ದರೆ ಚೀಲದಲ್ಲಿ ಹಾಕ್ಕೊಂಡು ಹೋಗುವ ಅಪರಿಚಿತ. ನಾವು ದೊಡ್ಡವರಾದೆವು, ಗುಮ್ಮ ಸತ್ತ ಅಂದುಕೊಂಡೆವು.

2018ರಲ್ಲಿ ಅವನು ವಾಟ್ಸಾಪ್‌ನಲ್ಲಿ ಬಂದ. ಬೈಕ್ ಮೇಲೆ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ದೇಶದ ತುಂಬ ಹರಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಡುವ ಭಾಗ ಇದೆ. ಅದನ್ನು ಯಾರೋ ಕತ್ತರಿಸಿ ಕಳಿಸಿದ್ದರು. 'ಮಕ್ಕಳ ಕಳ್ಳರು ಬಂದಾರ' ಎಂಬ ಸುದ್ದಿಗೆ ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ, ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐವರು ಬಲಿಯಾದರು.

2018ರ ಜುಲೈ 13. ಆಗಿನ ಔರಾದ್ ತಾಲ್ಲೂಕಿನ ಮುರ್ಕಿ. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಈ ಕಡೆ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನೋಡಿದವರಿಗೆ ಅನುಮಾನ ಬಂತು. ಮಾತಿಗೆ ಮಾತು ಬೆಳೆಯಿತು, ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲು ಮೆಸೇಜ್ ಮುಂದಿನ ಊರು ಮುಟ್ಟಿತ್ತು. ಮುರ್ಕಿಯಲ್ಲಿ ದಾರಿ ಕಟ್ಟಿ, ಕಾರಿನಿಂದ ಎಳೆದು ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಒಬ್ಬ ಸತ್ತ. ಅವನು ಸಾಫ್ಟ್‌ವೇರ್ ಇಂಜಿನಿಯರ್. ನಾವು ನಾಳೆ ಮಾಡಬೇಕೆಂದುಕೊಂಡಿರುವ ಕೆಲಸ ಮಾಡುತ್ತಿದ್ದವನು.

ಮೂರು ಪ್ರಶ್ನೆ ಹಾಕೋಣ. ಕಂಡದ್ದೇನು? ಅಪರಿಚಿತರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಇಟ್ಟ ಹೆಸರು? ಮಕ್ಕಳ ಕಳ್ಳರು, ಅಂದರೆ ಗುಮ್ಮ. ಯಾರ ತಲೆಗೆ ಬಂತು? ಈ ಉತ್ತರ ಬರೆಯುವಾಗ ನಮ್ಮ ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಹೊಡೆದವರು ಓದು ಬರದವರು ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಆ ಮೆಸೇಜ್ ಓಡಿದ್ದು ಓದಲು ಬರುವವರ ಫೋನ್‌ಗಳಿಂದಲೇ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಎಷ್ಟೋ ಜನ ಅದನ್ನು ಮುಂದೆ ಕಳಿಸಿದ್ದರು.

ಇದಾದ ನಾಲ್ಕೇ ದಿನಕ್ಕೆ, ಜುಲೈ 17ರಂದು, ಗುಂಪು ಹತ್ಯೆ ತಡೆಯಲು ಸುಪ್ರೀಂ ಕೋರ್ಟ್ ಸರ್ಕಾರಗಳಿಗೆ ಸೂಚನೆಗಳನ್ನು ಕೊಟ್ಟಿತು. ಅದೇ ವಾರ ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಇಂದು ನಿಮ್ಮ ಫೋನ್‌ನಲ್ಲಿ ಫಾರ್ವರ್ಡ್ ಮಾಡುವಾಗ ಐದಕ್ಕೇ ನಿಲ್ಲುತ್ತದಲ್ಲ, ಅದರ ಹಿಂದೆ ಆ ವರ್ಷದ ಸಾವುಗಳಿವೆ. ನಮ್ಮ ಮುರ್ಕಿಯೂ ಇದೆ.

ಮನೆಗೆಲಸ

ಪಾಠ ಅಂದಮೇಲೆ ಅಭ್ಯಾಸವೂ ಬೇಕು. ರಜೆಗೆ ಊರಿಗೆ ಹೋದಾಗ ಎರಡು ಕೆಲಸ ಮಾಡಿ.

ಒಂದು, ಮನೆಯ ಹಿರಿಯರ ಹತ್ತಿರ ಕೂತು ಅವರಿಗೆ ಗೊತ್ತಿರುವ ದೆವ್ವ, ಮುಂಜಾ, ಬೇತಾಳ, ಗುಮ್ಮನ ಕತೆ ಕೇಳಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ನಗಬೇಡಿ, ತಿದ್ದಬೇಡಿ. ನಮ್ಮ ಸೀಮೆಯ ಕನ್ನಡ, ಮರಾಠಿ, ಉರ್ದು ಬೆರೆತ ಆ ಮಾತು ಮುಂದೆ ಸಿಗೋದಿಲ್ಲ. ಮುಂದಿನ ಸಂಚಿಕೆಗೆ ಅವನ್ನು ಸೇರಿಸೋಣ.

ಎರಡು, ಪ್ರತಿ ಕತೆಯ ಕೆಳಗೆ ಮೂರೂ ಪ್ರಶ್ನೆಗೆ ಉತ್ತರ ಬರೆಯಿರಿ. ಮೂರನೇ ಉತ್ತರದ ಜಾಗದಲ್ಲಿ ಬದುಕಿರುವ ಒಬ್ಬ ಮನುಷ್ಯರ ಹೆಸರು ಬಂದರೆ ಅಲ್ಲಿ ಪೆನ್ನು ನಿಲ್ಲಿಸಿ. ಆ ಹೆಸರನ್ನು ಬರೆಯಬೇಡಿ, ಯಾರಿಗೂ ಹೇಳಬೇಡಿ. ಅವರು ಹೇಗಿದ್ದಾರೆ ಅಂತ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಆ ಫಸ್ಟ್ ಇಯರ್ ಹುಡುಗನಿಗೆ ನಾವಿನ್ನೂ ಉತ್ತರ ಹೇಳಿಲ್ಲ. ಈ ಲೇಖನದ ಕರಡನ್ನು ಮೊದಲು ಅವನಿಗೇ ಕೊಟ್ಟೆವು. ಓದಿ ಮುಗಿಸಿದವನು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ತೆಗೆದ. ತಮ್ಮೂರಿನ ಗ್ರೂಪ್‌ನಲ್ಲಿ ಹಿಂದಿನ ದಿನ ಬಂದಿದ್ದ 'ಹುಷಾರ್, ನಮ್ಮ ಏರಿಯಾಕ್ಕೂ ಬಂದಾರ' ಎಂಬ ಮೆಸೇಜ್ ತೋರಿಸಿದ. "ಇದನ್ನ ಯಾರು ಮೊದಲು ಹಾಕ್ಯಾರ ಅಂತ ಕೇಳ್ಲೇನ್ರಿ ಅಣ್ಣಾ?" ಅಂದ.

ಕೇಳು ತಮ್ಮಾ, ಅಂದೆವು.